ಸರ್ಟಿಫಿಕೇಟು ಒಬ್ಬರಿಗೆ, ಪಗಾರ ಇನ್ನೊಬ್ಬರಿಗೆ

ಸಿಂಧನೂರಿನಿಂದ ಮಾನ್ವಿ ದಾರಿ ಹಿಡಿದರೆ ಸಿಗುವ ಜವಳಗೇರಾಕ್ಕೆ ಹೊರಗಿನವರಲ್ಲಿ ಹೆಸರು ಬಂದದ್ದು ಅಲ್ಲಿನ ಬೀಜದ ಫಾರಂನಿಂದ. ಸಾವಿರಾರು ಎಕರೆ ಎರೆಭೂಮಿ, ಒಬ್ಬನೇ ಒಡೆಯ, ಆ ಒಡೆಯ ಕೇಂದ್ರ ಸರ್ಕಾರ. 1969ರಲ್ಲಿ ಹುಟ್ಟಿದ ಭಾರತೀಯ ರಾಜ್ಯ ಫಾರಂ ನಿಗಮದ ಕೈಯಲ್ಲಿ ಬಹುಕಾಲ ಇದ್ದ ನೆಲ ಇದು. 2014ರಲ್ಲಿ ಆ ನಿಗಮವೇ ರಾಷ್ಟ್ರೀಯ ಬೀಜ ನಿಗಮದಲ್ಲಿ ವಿಲೀನವಾದಾಗ ಜೊತೆಗೇ ಹೋಯಿತು. ಇದೇ ನಿಗಮದ್ದಾಗಿದ್ದ ಕೇರಳದ ಆರಳಂ ಫಾರಂ ಅನ್ನು 2004ರಲ್ಲಿ ಅಲ್ಲಿನ ಸರ್ಕಾರ ಕೊಂಡುಕೊಂಡು, ಅದರಲ್ಲಿ ದೊಡ್ಡ ಭಾಗವನ್ನು ಭೂಮಿಯಿಲ್ಲದ ಆದಿವಾಸಿ ಕುಟುಂಬಗಳಿಗೆ ಹಂಚಿತು. ಜವಳಗೇರಾದ್ದು ಫಾರಂ ಆಗಿಯೇ ಉಳಿಯಿತು. ಸುತ್ತಲಿನ ಹಳ್ಳಿಯವರಿಗೆ ಅದು ಆಸ್ತಿಯಲ್ಲ, ಹಂಗಾಮಿನ ಕೂಲಿ. ಬಿತ್ತನೆ, ಕಳೆ, ಬೆರಕೆ ಗಿಡ ಕಿತ್ತುಹಾಕುವುದು, ಕೊಯ್ಲು, ಬೀಜ ಹಸನು ಮಾಡುವುದು, ಮೂಟೆ ಕಟ್ಟುವುದು ಎಲ್ಲಕ್ಕೂ ಕೈ ಬೇಕು, ಆದರೆ ವರ್ಷವಿಡೀ ಬೇಡ.

ಈ ಲೇಖನ ಫಾರಂ ಒಂದರದ್ದೇ ಅಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರು ಈ ಮೂರು ತಾಲ್ಲೂಕುಗಳಲ್ಲಿ ಸಾರ್ವಜನಿಕ ನೆಲ ಎನ್ನುವುದು ಹತ್ತು ರೂಪದಲ್ಲಿದೆ: ಅರಣ್ಯ ಇಲಾಖೆಯ ಗುಡ್ಡಗಳು, ಊರೂರಿನ ಗಾಯರಾಣ, ಕೆರೆಯಂಗಳ, ಹಳ್ಳದ ದಂಡೆ, ತುಂಗಭದ್ರಾ ಎಡದಂಡೆ ಕಾಲುವೆಯ ಏರಿ, ರಸ್ತೆ ಬದಿಯ ಸಾಲುಮರ, ಮಸ್ಕಿಯ ಅಶೋಕ ಶಾಸನದ ಗುಡ್ಡ, ಮುದಗಲ್ ಕೋಟೆ. ಈ ನೆಲದ ಮೇಲೆ ಇಬ್ಬರು ಬಂದು ಹೋಗುತ್ತಾರೆ. ಒಬ್ಬರು ಇಂಟರ್ನ್‌ಶಿಪ್‌ಗೆ ಬರುವ ವಿದ್ಯಾರ್ಥಿ, ಇನ್ನೊಬ್ಬರು ದಿನಗೂಲಿಗೆ ಬರುವ ಹಂಗಾಮಿ ಕೆಲಸಗಾರ. ಇಬ್ಬರೂ ಕೆಲವು ತಿಂಗಳಷ್ಟೇ ಇರುತ್ತಾರೆ, ಹೆಚ್ಚುಕಡಿಮೆ ಒಂದೇ ವಯಸ್ಸಿನವರು, ಎಷ್ಟೋ ಸಲ ಒಂದೇ ಓಣಿಯವರು. ಆದರೂ ಒಬ್ಬರ ದುಡಿಮೆಗೆ ಕಲಿಕೆಯ ಲೆಕ್ಕ, ಇನ್ನೊಬ್ಬರದಕ್ಕೆ ಕೂಲಿಯ ಲೆಕ್ಕ. ಈ ಎರಡು ಲೆಕ್ಕದ ಪುಸ್ತಕಗಳು ಒಂದನ್ನೊಂದು ನೋಡುವುದೇ ಇಲ್ಲ ಎಂಬುದೇ ನನ್ನ ಮುಖ್ಯ ತಕರಾರು.

ಮೊದಲು ವಿದ್ಯಾರ್ಥಿಗಳ ಕಡೆ ನೋಡೋಣ. ಕರ್ನಾಟಕದಲ್ಲಿ ಅರಣ್ಯಶಾಸ್ತ್ರವನ್ನು ಪದವಿಯಾಗಿ ಕಲಿಸುವ ಮಹಾವಿದ್ಯಾಲಯಗಳೆಂದರೆ ಥಟ್ಟನೆ ನೆನಪಾಗುವುದು ಎರಡು. 1985ರಲ್ಲಿ ಶುರುವಾದ ಶಿರಸಿಯದು ಈಗ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿದೆ. 1995ರಲ್ಲಿ ಶುರುವಾದ ಕೊಡಗಿನ ಪೊನ್ನಂಪೇಟೆಯದು ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯಕ್ಕೆ ಸೇರಿದೆ. ಎರಡೂ ಮಳೆಕಾಡಿನ ಸೆರಗಿನಲ್ಲಿವೆ. ಕೊನೆಯ ವರ್ಷದಲ್ಲಿ ಈ ವಿದ್ಯಾರ್ಥಿಗಳಿಗೆ ಅರಣ್ಯ ಕಾರ್ಯಾನುಭವ ಎಂಬ ಹೊರಗಿನ ಕಲಿಕೆ ಇರುತ್ತದೆ. ಹಳ್ಳಿಯಲ್ಲಿ ಕೆಲವು ವಾರ, ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ಕೆಲವು ವಾರ, ಮರಮುಟ್ಟು ಅಥವಾ ಕಾಗದದ ಉದ್ಯಮದಲ್ಲಿ ಕೆಲವು ವಾರ. ಪಠ್ಯಕ್ರಮದ ಮಟ್ಟಿಗೆ ಇದು ಒಳ್ಳೆಯ ವ್ಯವಸ್ಥೆ. ಆದರೆ ತೇಗ, ಹೊನ್ನೆ, ಮತ್ತಿ ನೋಡುತ್ತ ಕಲಿತವರಿಗೆ ಬಳ್ಳಾರಿ ಜಾಲಿಯ ಪೊದೆ, ಬರಡು ಗುಡ್ಡ, ಎರೆ ಹೊಲದ ಬದುವಿನ ಬೇವು ಕಾಡಾಗಿ ಕಾಣುವುದು ಕಷ್ಟ. ರಾಯಚೂರು ರಾಜ್ಯದಲ್ಲೇ ತೀರಾ ಕಡಿಮೆ ಕಾಡಿರುವ ಜಿಲ್ಲೆಗಳಲ್ಲೊಂದು. ಕಾಡಿಲ್ಲದ ಕಡೆ ಅರಣ್ಯ ಕಾಲೇಜು ಯಾಕೆ ಎನ್ನುವವರು ಇದ್ದಾರೆ. ಕಾಡಿಲ್ಲದ ಕಡೆಯೇ ಬೇಕಲ್ಲವೆ ಅರಣ್ಯ ಬೆಳೆಸುವ ವಿದ್ಯೆ?

ಬಯಲುಸೀಮೆಗೆ ಅದರದೇ ಕಾಡುಪ್ರಾಣಿ ಬದುಕೂ ಇದೆ. ತುಂಗಭದ್ರೆಯ ಆಚೆ ದಡದ ಸಿರುಗುಪ್ಪದ ಎರೆ ಹೊಲಗಳಲ್ಲಿ ಅಳಿವಿನಂಚಿನ ಗ್ರೇಟ್ ಇಂಡಿಯನ್ ಬಸ್ಟರ್ಡ್ ಪಕ್ಷಿಗಳು ಬೆರಳೆಣಿಕೆಯಷ್ಟು ಉಳಿದಿವೆ. ಗಂಗಾವತಿ ಸೀಮೆಯ ಬಂಕಾಪುರದಲ್ಲಿ ತೋಳಗಳಿಗೆಂದೇ ವನ್ಯಧಾಮವಿದೆ. ದರೋಜಿಯಲ್ಲಿ 1994ರಿಂದ ಕರಡಿಧಾಮವಿದೆ. ಜವಳಗೇರಾದ ಹುಡುಗನಿಗೆ ಇವು ಬಂಡೀಪುರಕ್ಕಿಂತ ಎಷ್ಟೋ ಹತ್ತಿರ. ಆದರೆ ಶಾಲೆಯ ಗೋಡೆಯ ಮೇಲೆ ಕಾಡೆಂದರೆ ಇಂದಿಗೂ ಆನೆ, ಹುಲಿ, ಜಲಪಾತ.

ಈ ಭಾಗದಲ್ಲಿ ನಿಜವಾಗಿ ಹಳ್ಳಿಗೆ ಬಂದು ಉಳಿಯುವವರು ಕೃಷಿ ವಿದ್ಯಾರ್ಥಿಗಳು. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೊನೆಯ ವರ್ಷದವರು ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆಂದು ತಂಡ ತಂಡವಾಗಿ ಹಳ್ಳಿಗಳಿಗೆ ಬರುತ್ತಾರೆ. ಎಲ್ಲರ ಬಾಯಲ್ಲಿ ಅದು 'ರಾವೆ'. ಗುಡಿಯ ಮುಂದಿನ ಬಯಲಿನಲ್ಲಿ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬರೆಯುವುದು ಈ ಕಾರ್ಯಕ್ರಮದ ಕಣ್ಣಿಗೆ ಕಟ್ಟುವ ಭಾಗ. ಹಳ್ಳ ನೀಲಿ, ಹೊಲ ಹಸಿರು, ಗಾಯರಾಣ ಹಳದಿ. ಹಿರಿಯರು ಸುತ್ತ ನಿಂತು, ಇಲ್ಲೊಂದು ಬಾವಿ ಇತ್ತು, ಅಲ್ಲಿ ಹುಣಸೆ ತೋಪಿತ್ತು ಎಂದು ತಿದ್ದುತ್ತಾರೆ. ಆ ಮಾತುಗಳಲ್ಲಿ ಒಂದು ಊರಿನ ಐವತ್ತು ವರ್ಷದ ನೆಲದ ಇತಿಹಾಸವೇ ಇರುತ್ತದೆ. ಆಮೇಲೆ ಬ್ಯಾನರ್ ಹಿಡಿದು ಫೋಟೊ, ವರದಿ, ಅಂಕ. ಮರುದಿನ ಕಸಬರಿಗೆ ಬಣ್ಣವನ್ನು ಬಳಿದುಹಾಕುತ್ತದೆ. ನಕ್ಷೆಯ ಪ್ರತಿ ಕಾಲೇಜಿನ ಕಪಾಟು ಸೇರುತ್ತದೆ. ಪಂಚಾಯಿತಿಯ ಕಪಾಟಿಗೂ ಒಂದು ಸೇರಲೇಬೇಕು ಎಂಬ ಕಟ್ಟಳೆ ಇದ್ದಿದ್ದರೆ ಎಷ್ಟು ಕೆಲಸಕ್ಕೆ ಬರುತ್ತಿತ್ತು!

ಬಂದೇ ಬರುತ್ತಿತ್ತು ಎನ್ನಲು ಕಾರಣವಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಮಾಡಿಕೊಂಡು, ಊರಿನ ಗಿಡ, ಮರ, ಪ್ರಾಣಿ, ತಳಿಗಳ ಜನತಾ ದಾಖಲಾತಿ ಬರೆಯಬೇಕು. ಬಹಳ ವರ್ಷ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಹಾಕಿ, ತಪ್ಪಿದ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕು ಎಂದಾಗ ದೇಶದೆಲ್ಲೆಡೆ ದಡಬಡಿಸಿ ಪುಸ್ತಕಗಳು ಸಿದ್ಧವಾದವು. ಈ ದಾಖಲಾತಿಯ ಮೂಲ ಕಲ್ಪನೆಗೆ ನೀರೆರೆದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಮಾಧವ ಗಾಡ್ಗೀಳರು. 1990ರ ದಶಕದಲ್ಲಿ ಅವರು ಪಶ್ಚಿಮ ಘಟ್ಟದ ಪದವಿ ಕಾಲೇಜುಗಳ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳನ್ನು ಸೇರಿಸಿಕೊಂಡೇ ಊರ ಸುತ್ತಲ ಜೀವರಾಶಿಯ ಎಣಿಕೆಯನ್ನು ಕಟ್ಟಿದ್ದರು. ಘಟ್ಟದ ಕಾಲೇಜುಗಳಿಗೆ ಸಾಧ್ಯವಾದದ್ದು ಸಿಂಧನೂರು, ಲಿಂಗಸುಗೂರಿನ ಸರ್ಕಾರಿ ಪದವಿ ಕಾಲೇಜುಗಳಿಗೆ ಸಾಧ್ಯವಿಲ್ಲ ಎನ್ನಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಇನ್ನು ದುಡ್ಡಿನ ಮಾತು. ರಾವೆ ವಿದ್ಯಾರ್ಥಿಗೆ 'ಸ್ಟೂಡೆಂಟ್ ರೆಡಿ' ಯೋಜನೆಯಡಿ ನಿಗದಿಯಾದ ಶಿಷ್ಯವೇತನ ತಿಂಗಳಿಗೆ 3,000 ರೂಪಾಯಿ. ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ 2024ರ ಅಕ್ಟೋಬರ್‌ನಲ್ಲಿ ಶುರುವಾದಾಗ ತಿಂಗಳಿಗೆ 5,000 ಎಂದಿತು. ಅದು ದೊಡ್ಡ ಕಂಪನಿಗಳ ಯೋಜನೆ, ಗುಡ್ಡ-ಕೆರೆಗಳಿಗೆ ಸಂಬಂಧವಿಲ್ಲದ್ದು. ಕೆಲಸ ಸಿಗದ ಪದವೀಧರರಿಗೆ ರಾಜ್ಯ ಸರ್ಕಾರದ ಯುವನಿಧಿಯೂ 3,000ವನ್ನೇ ಕೊಡುತ್ತದೆ. ಉದ್ಯೋಗ ಖಾತರಿಯಲ್ಲಿ ಸಸಿ ನೆಡಲು ತಗ್ಗು ತೋಡುವವರಿಗೆ ಕರ್ನಾಟಕದಲ್ಲಿ 2025-26ರ ದಿನಗೂಲಿ 370 ರೂಪಾಯಿ. ತಿಂಗಳಲ್ಲಿ 26 ದಿನ ಸಿಕ್ಕರೆ 9,620. ಅಷ್ಟು ದಿನ ಸಿಗುವುದಿಲ್ಲ ಎಂಬುದು ಬೇರೆ ಮಾತು. ಅಂದರೆ ತಗ್ಗು ತೋಡಿದವರಿಗೆ ಹೆಚ್ಚು, ತಗ್ಗು ಎಣಿಸಿದವರಿಗೆ ಕಡಿಮೆ. ಇದು ನ್ಯಾಯವೇ ಇರಬಹುದು. ಆದರೆ ಎಣಿಸಿದವರಿಗೆ ಸಂದರ್ಶನದಲ್ಲಿ ತೋರಿಸಲು ಒಂದು ಹಾಳೆ ಉಳಿಯುತ್ತದೆ, ತೋಡಿದವರಿಗೆ ಬೆನ್ನುನೋವು ಉಳಿಯುತ್ತದೆ.

ಶಿಷ್ಯವೇತನ ಇಷ್ಟು ಕಡಿಮೆಯಾದರೆ ಇಂಟರ್ನ್‌ಶಿಪ್ ಮಾಡಲು ಯಾರಿಗೆ ಆಗುತ್ತದೆ? ಮನೆಯಲ್ಲಿ ಉಣ್ಣಲು ಇದ್ದವರಿಗೆ. ಮಸ್ಕಿ, ಲಿಂಗಸುಗೂರು ತಾಲ್ಲೂಕಿನ ತಾಂಡಾಗಳಿಂದ, ಮಳೆಯಾಶ್ರಯದ ಹಳ್ಳಿಗಳಿಂದ ಸುಗ್ಗಿ ಮುಗಿಯುತ್ತಲೇ ಜನ ಗುಳೆ ಹೊರಡುತ್ತಾರೆ. ಬೆಂಗಳೂರು, ಪುಣೆ, ಮುಂಬೈಗಳ ಕಟ್ಟಡದ ಕೆಲಸಕ್ಕೆ. ಪದವಿ ಓದುವ ಹುಡುಗನೂ ಬೇಸಿಗೆ ರಜೆಯಲ್ಲಿ ಅಪ್ಪ-ಅವ್ವನನ್ನು ಕೂಡಿಕೊಳ್ಳುತ್ತಾನೆ. ಹುಡುಗಿಯರು ಕಾಲೇಜು ಬಿಡುವಿನಲ್ಲಿ ಭತ್ತದ ನಾಟಿಗೆ, ಹತ್ತಿ ಬಿಡಿಸಲು ಹೋಗುತ್ತಾರೆ. ಇವರು ಕೆಲಸದ ಅನುಭವವಿಲ್ಲದವರಲ್ಲ, ಎಲ್ಲರಿಗಿಂತ ಹೆಚ್ಚು ಇದ್ದವರು. ಅರ್ಜಿ ನಮೂನೆಯಲ್ಲಿ ಅದನ್ನು ಬರೆಯಲು ಜಾಗವಿಲ್ಲ, ಅಷ್ಟೆ.

ಹಂಗಾಮಿ ಕೆಲಸದ ಪಂಚಾಂಗವನ್ನು ಒಮ್ಮೆ ನೋಡಬೇಕು. ಚಳಿಗಾಲದಲ್ಲಿ ಸಸ್ಯಕ್ಷೇತ್ರಗಳಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ಮಣ್ಣು-ಗೊಬ್ಬರ ತುಂಬಿ ಬೇವು, ಹೊಂಗೆ, ಹುಣಸೆ, ಸೀತಾಫಲದ ಬೀಜ ಹಾಕುತ್ತಾರೆ. ಇದು ಬಹುಪಾಲು ಹೆಣ್ಣುಮಕ್ಕಳ ಕೆಲಸ. ಜನವರಿಯಿಂದ ಬೇಸಿಗೆ ಮುಗಿಯುವವರೆಗೆ ಗುಡ್ಡದ ಹುಲ್ಲಿಗೆ ಬೆಂಕಿ ಬೀಳದಂತೆ ಕಾವಲು. ಏಪ್ರಿಲ್, ಮೇ ತಿಂಗಳ ಉರಿಬಿಸಿಲಿನಲ್ಲಿ ತಗ್ಗು ತೋಡುವುದು. ಮುಂಗಾರು ಹಿಡಿದರೆ ನೆಡುವುದು. ಆಮೇಲೆ ಪಾತಿ, ಕಳೆ, ದನ-ಕುರಿ ಬಾರದಂತೆ ಕಾಯುವುದು. ಕಾಲೇಜಿನ ಪಂಚಾಂಗ ಇದಕ್ಕೆ ತದ್ವಿರುದ್ಧ. ಬೆಂಕಿಯ ತಿಂಗಳುಗಳಲ್ಲಿ ಪರೀಕ್ಷೆ, ತಗ್ಗಿನ ತಿಂಗಳಲ್ಲಿ ರಜೆ. ವಿದ್ಯಾರ್ಥಿ ಬರುವಷ್ಟರಲ್ಲಿ ಸಸಿ ನೆಲದಲ್ಲಿರುತ್ತದೆ, ಹೋಗುವಷ್ಟರಲ್ಲಿ ಇನ್ನೂ ಬದುಕಿರುತ್ತದೆ. ಸಸಿ ಸಾಯುವುದು ಮುಂದಿನ ಬೇಸಿಗೆಯಲ್ಲಿ, ಅದನ್ನು ನೋಡಲು ಕೂಲಿಯವರು ಮಾತ್ರ ಇರುತ್ತಾರೆ. ಸಸಿ ಯಾಕೆ ಸತ್ತಿತು ಎಂಬುದೇ ಬಯಲುಸೀಮೆಯ ಅರಣ್ಯಶಾಸ್ತ್ರದ ಮೊದಲ ಪಾಠ ಎಂದಾದರೆ, ಆ ಪಾಠಕ್ಕೆ ವಿದ್ಯಾರ್ಥಿಗಳು ಗೈರುಹಾಜರು.

ಬೆಂಕಿಯ ಕಾವಲು ಹಗುರ ಕೆಲಸವಲ್ಲ. 2017ರ ಫೆಬ್ರುವರಿಯಲ್ಲಿ ಬಂಡೀಪುರದ ಕಾಳ್ಗಿಚ್ಚು ಒಬ್ಬ ಅರಣ್ಯ ರಕ್ಷಕರ ಜೀವ ತೆಗೆಯಿತು. 2019ರಲ್ಲಿ ಅಲ್ಲೇ ಸಾವಿರಾರು ಎಕರೆ ಸುಟ್ಟಿತು. ನಮ್ಮ ಗುಡ್ಡಗಳಲ್ಲಿ ಹೊತ್ತುವುದು ಹುಲ್ಲು, ಪೊದೆ. ಸುದ್ದಿಯಾಗುವುದಿಲ್ಲ, ಆದರೆ ಮೂರು ವರ್ಷದ ಸಸಿಗಳು ಮೂರು ತಾಸಿನಲ್ಲಿ ಹೋಗುತ್ತವೆ.

ಕಾಲುವೆಯದು ಇನ್ನೊಂದು ಕಥೆ. ತುಂಗಭದ್ರಾ ಎಡದಂಡೆಯ ತೂಬು ಕಾಯುವ, ಏರಿ ಸವರುವ, ರಾತ್ರಿ ನೀರಿನ ಮಟ್ಟ ನೋಡುವ ಗ್ಯಾಂಗ್‌ಮನ್‌ಗಳಲ್ಲಿ ಬಹಳಷ್ಟು ಜನ ಹಂಗಾಮಿಗಳು. ಅವರ ಬಾಕಿ ವೇತನದ ಧರಣಿ ಈ ಭಾಗದ ಪತ್ರಿಕೆ ಓದುವವರಿಗೆ ಹೊಸದಲ್ಲ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್ ಗೇಟು ಕೊಚ್ಚಿಹೋದಾಗ ಸಿಂಧನೂರಿನ ರೈತರು ಎರಡನೇ ಬೆಳೆಯ ಚಿಂತೆಗೆ ಬಿದ್ದರು. ಆ ಬೆಳೆಯ ನಾಟಿ, ಕೊಯ್ಲಿನ ಕೂಲಿಯ ಮೇಲೆಯೇ ಕೂತಿದ್ದ ಜನ ಎಷ್ಟೋ ಇದ್ದರು. ನೀರಿನ ಸುದ್ದಿ ಎಂದರೆ ಇಲ್ಲಿ ಉದ್ಯೋಗದ ಸುದ್ದಿಯೂ ಹೌದು.

ಹಂಗಾಮಿಯನ್ನು ಹಂಗಾಮಿಯಾಗಿಯೇ ಉಳಿಸುವುದರ ಹಿಂದೆ ಕಾನೂನಿನ ಭಯವೂ ಇದೆ. 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟ್ ಕೊಟ್ಟ ಉಮಾದೇವಿ ತೀರ್ಪು ಕರ್ನಾಟಕದ ದಿನಗೂಲಿ ನೌಕರರದ್ದೇ ಪ್ರಕರಣ. ನಿಯಮದಂತೆ ನೇಮಕವಾಗದವರಿಗೆ ಕಾಯಂ ಆಗುವ ಹಕ್ಕಿಲ್ಲ, ಹತ್ತು ವರ್ಷ ದುಡಿದ ಕೆಲವರನ್ನು ಒಮ್ಮೆ ಮಾತ್ರ ಪರಿಗಣಿಸಬಹುದು ಎಂದು ಅದು ಹೇಳಿತು. ಅಲ್ಲಿಂದ ಮುಂದೆ, ಯಾರದೂ ಹಾಜರಿ ಸತತವಾಗಿ ಕಾಣದಂತೆ ನೋಡಿಕೊಳ್ಳುವುದು ಕಚೇರಿಗಳ ಜಾಣತನವಾಯಿತು. ರಾಜ್ಯ 2012ರಲ್ಲಿ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿ ಕಾಯ್ದೆ ತಂದು ಹಳಬರಿಗೆ ಒಂದಿಷ್ಟು ಭದ್ರತೆ ಕೊಟ್ಟಿತು. ಆಮೇಲೆ ಬಂದವರು ಹೊರಗುತ್ತಿಗೆಯ ಪಾಲಾದರು. ಇದಕ್ಕೂ ಮೊದಲು, 1996ರಲ್ಲಿ, ಪುಣೆಯ ಪಾಚಗಾಂವ್ ಪರ್ವತಿ ಅರಣ್ಯ ಯೋಜನೆಯ ಪ್ರಕರಣದಲ್ಲಿ ಅದೇ ಕೋರ್ಟು, ಇಂಥ ಯೋಜನೆ ನಡೆಸುವ ಅರಣ್ಯ ಇಲಾಖೆಯೂ ಉದ್ಯಮವೇ, ವರ್ಷಗಟ್ಟಲೆ ಕೂಲಿಯವರನ್ನು ಹಂಗಾಮಿಯಾಗಿ ದುಡಿಸುವುದು ಅನ್ಯಾಯ ಎಂದಿತ್ತು. 2024ರ ಡಿಸೆಂಬರ್‌ನಲ್ಲಿ ಬಂದ ಜಗ್ಗೋ ತೀರ್ಪು, ಉಮಾದೇವಿಯ ಹೆಸರು ಹೇಳಿ ಕೆಲಸಗಾರರನ್ನು ಶೋಷಿಸಬೇಡಿ ಎಂದು ಸರ್ಕಾರಗಳಿಗೆ ಎಚ್ಚರಿಸಿತು. ಕೋರ್ಟಿನ ಮನಸ್ಸು ಹೀಗೆ ಅತ್ತಿತ್ತ ಓಲಾಡುತ್ತಿರುವಾಗ ಬೆಂಕಿ ಕಾವಲಿನವನ ಹಾಜರಿ ಪುಸ್ತಕ ಯಾರ ಮೇಜಿನಲ್ಲಿದೆ ಎಂಬುದೇ ಅವನ ಭವಿಷ್ಯ.

ಇಂಥ ಕಡೆ ಪುಕ್ಕಟೆ ಇಂಟರ್ನ್‌ಗಳನ್ನು ತಂದು ಬಿಡುವುದು ಅಪಾಯ. ಇಲಾಖೆಗೆ ಕೈ ಬೇಕು, ದುಡ್ಡಿಲ್ಲ. ವಿದ್ಯಾರ್ಥಿಗೆ ಅಂಕ ಬೇಕು, ದುಡ್ಡು ಕೇಳುವುದಿಲ್ಲ. ಸಸಿ ಎಣಿಸುವ, ಗಡಿಕಲ್ಲು ಗುರುತಿಸುವ, ಸಸ್ಯಕ್ಷೇತ್ರದ ಲೆಕ್ಕ ಬರೆಯುವ ಕೆಲಸ ಹಾಗೆ ಸಲೀಸಾಗಿ ಕೂಲಿಯವರ ಕೈತಪ್ಪಬಹುದು. ಅಮೆರಿಕದ ಅನುಭವ ಇಲ್ಲಿ ಎರಡೂ ಬಗೆಯಲ್ಲಿ ಪಾಠ. 1933ರಿಂದ 1942ರವರೆಗೆ ಅಲ್ಲಿನ ಸಿವಿಲಿಯನ್ ಕನ್ಸರ್ವೇಶನ್ ಕೋರ್ ಸುಮಾರು 30 ಲಕ್ಷ ಬಡ ಯುವಕರನ್ನು ಸರ್ಕಾರಿ ಕಾಡು, ಉದ್ಯಾನಗಳಲ್ಲಿ ದುಡಿಸಿತು. ತಿಂಗಳ 30 ಡಾಲರಿನಲ್ಲಿ 25 ಮನೆಗೆ ಹೋಗುತ್ತಿತ್ತು, ಸಂಜೆ ಶಿಬಿರದಲ್ಲೇ ಓದು-ಬರಹದ ತರಗತಿ ಇರುತ್ತಿತ್ತು. ಕೂಲಿ ಮತ್ತು ಕಲಿಕೆ ಒಂದೇ ಹಾಜರಿ ಪುಸ್ತಕದಲ್ಲಿದ್ದ ಅಪರೂಪದ ಕಾಲ ಅದು. ಮುಂದೆ 1955ರಲ್ಲಿ ವಾಸರ್ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ಪದವಿಯ ಪ್ರಬಂಧದಲ್ಲಿ, ರಾಷ್ಟ್ರೀಯ ಉದ್ಯಾನಗಳಿಗೆ ವಿದ್ಯಾರ್ಥಿಗಳನ್ನು ಕಳಿಸಿ ಎಂದು ಬರೆದಳು. ಎರಡು ವರ್ಷದಲ್ಲಿ ಅದು ನಿಜವಾಗಿ, ಸ್ಟೂಡೆಂಟ್ ಕನ್ಸರ್ವೇಶನ್ ಅಸೋಸಿಯೇಷನ್ ಆಗಿ ಇಂದಿಗೂ ನಡೆದಿದೆ. ಅದೇ ದೇಶದ ಅರಣ್ಯ ಸೇವೆ 2024ರಲ್ಲಿ, ಹಣದ ಕೊರತೆಯಿಂದ ಮುಂದಿನ ವರ್ಷಕ್ಕೆ ಬೆಂಕಿ ಆರಿಸುವವರನ್ನು ಬಿಟ್ಟು ಬೇರೆ ಹಂಗಾಮಿ ನೌಕರರನ್ನು ತೆಗೆದುಕೊಳ್ಳುವುದಿಲ್ಲ ಎಂದು ಘೋಷಿಸಿತು. ಹಂಗಾಮಿಯ ಪಾಡು ಎಲ್ಲ ಕಡೆ ಒಂದೇ.

ಹತ್ತಿರದಲ್ಲೇ ಇನ್ನೊಂದು ಉದಾಹರಣೆಯಿದೆ, ನನಗೆ ಅದು ಹೆಚ್ಚು ಕುತೂಹಲದ್ದು. ಮಸ್ಕಿಯ ಅಶೋಕ ಶಾಸನವನ್ನು 1915ರಲ್ಲಿ ಕಂಡವರು ಚಿನ್ನದ ಜಾಡು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್. 1954ರಲ್ಲಿ ಪುರಾತತ್ವ ಇಲಾಖೆಯ ಬಿ.ಕೆ. ಥಾಪರ್ ಅಲ್ಲಿ ಉತ್ಖನನ ನಡೆಸಿದರು. ಈಚಿನ ವರ್ಷಗಳಲ್ಲಿ ಸ್ಟ್ಯಾನ್‌ಫರ್ಡ್, ಮೆಕ್‌ಗಿಲ್, ಶಿವ ನಾಡಾರ್ ವಿಶ್ವವಿದ್ಯಾಲಯಗಳ ಸಂಶೋಧಕರು ಬಂದು ಅಗೆಯುತ್ತಿದ್ದಾರೆ. 2025ರಲ್ಲಿ ಅವರ ಕೆಲಸದಿಂದ ಮಸ್ಕಿಯ ವಸತಿ 4,000 ವರ್ಷ ಹಳೆಯದೆಂಬ ಸುದ್ದಿ ಬಂತು. ಇಂಥ ಕೆಲಸ ಹಂಗಾಮಿನದ್ದೇ, ಬೇಸಿಗೆಯದ್ದೇ. ಹೊರದೇಶದ ವಿದ್ಯಾರ್ಥಿಗೆ ಅದು ಬಯಸಿ ಪಡೆಯುವ ತರಬೇತಿ. ಮಣ್ಣು ಜರಡಿ ಹಿಡಿಯುವ ಸ್ಥಳೀಯನಿಗೆ ಅದೇ ಕೆಲಸ ಕೂಲಿ. ಮಣ್ಣಿನ ಬಣ್ಣ ಬದಲಾದದ್ದನ್ನು ಮೊದಲು ಗುರುತಿಸುವುದು ಎಷ್ಟೋ ಸಲ ಹೊಲ ಅಗೆದು ಬೆಳೆದ ಕಣ್ಣು.

ಕಲಿಕೆ ಮತ್ತು ಕೂಲಿಯ ನಡುವಿನ ಈ ಗೋಡೆ ದಾಟಿದ ಸಣ್ಣ ಪ್ರಯತ್ನಗಳು ನಮ್ಮಲ್ಲೂ ಇವೆ, ಅದೂ ಉದ್ಯೋಗ ಖಾತರಿಯಲ್ಲೇ. 2006ರ ಫೆಬ್ರುವರಿಯಲ್ಲಿ ಆ ಯೋಜನೆ ಮೊದಲು ಬಂದ ಕರ್ನಾಟಕದ ಐದು ಜಿಲ್ಲೆಗಳಲ್ಲಿ ರಾಯಚೂರು ಒಂದು. ಕೂಲಿಯವರ ಗುಂಪು ನಡೆಸುವ 'ಕಾಯಕ ಬಂಧು'ಗಳು ಅಳತೆ, ಹಾಜರಿ, ಆ್ಯಪಿನ ಫೋಟೊ ಎಲ್ಲ ಕಲಿತರು. 'ಬಿಎಫ್‌ಟಿ' ಎಂದು ಪಂಚಾಯಿತಿಗಳಲ್ಲಿ ಕರೆಯುವ ಬೇರ್‌ಫೂಟ್ ಟೆಕ್ನಿಷಿಯನ್ ಹುದ್ದೆಯನ್ನಂತೂ, ಜಾಬ್‌ಕಾರ್ಡ್ ಇರುವ ಮನೆಯ, ಹತ್ತನೇ ತರಗತಿ ಓದಿದ ಹುಡುಗ-ಹುಡುಗಿಯರಿಗೆ ಮೂರು ತಿಂಗಳು ಎಂಜಿನಿಯರಿಂಗ್ ಅಂದಾಜು ಕಲಿಸಿ ಅಳತೆ ಪುಸ್ತಕ ಅವರ ಕೈಗೆ ಕೊಡಲೆಂದೇ ರೂಪಿಸಿದ್ದು. ಇಂಥದೇ ಒಂದು ಹಸಿರು ಬಿಎಫ್‌ಟಿ ಯಾಕಾಗಬಾರದು? ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರೈತ ನೆಟ್ಟ ಸಸಿ ಬದುಕಿದ್ದರೆ ಮೂರು ವರ್ಷ ಕಂತಿನಲ್ಲಿ ಹಣ ಸಿಗುತ್ತದೆ, ಅದಕ್ಕೆ ಪ್ರತಿ ವರ್ಷ ಬದುಕಿದ ಸಸಿ ಎಣಿಸಬೇಕು. ಒಬ್ಬ ಅರಣ್ಯಶಾಸ್ತ್ರದ ವಿದ್ಯಾರ್ಥಿ, ಒಬ್ಬ ಊರಿನ ಹಂಗಾಮಿ ಕಾವಲುಗಾರ, ಇಬ್ಬರಿಗೂ ದಿನಗೂಲಿ, ಇಬ್ಬರಿಗೂ ಒಂದೇ ಹಾಳೆಯ ಪ್ರಮಾಣಪತ್ರ, ವರದಿಯಲ್ಲಿ ಇಬ್ಬರ ಹೆಸರು. ಖರ್ಚು ದೊಡ್ಡದೇನಲ್ಲ.

ನೇಮಕಾತಿಯಲ್ಲಿ ಇದಕ್ಕೆ ಬೆಲೆ ಸಿಗದಿದ್ದರೆ ಮಾತ್ರ ಯಾರೂ ಬರುವುದಿಲ್ಲ. 2023ರಲ್ಲಿ ಅರಣ್ಯ ಇಲಾಖೆ 310 ಅರಣ್ಯ ವೀಕ್ಷಕ, 540 ಗಸ್ತು ಅರಣ್ಯ ಪಾಲಕ ಹುದ್ದೆಗಳಿಗೆ ಅರ್ಜಿ ಕರೆಯಿತು. ವೀಕ್ಷಕನಿಗೆ ಎಸ್ಸೆಸ್ಸೆಲ್ಸಿ, ಪಾಲಕನಿಗೆ ಪಿಯುಸಿ. ಮುಖ್ಯವಾಗಿ ತೂಗುವುದು ಅಂಕಪಟ್ಟಿ, ಎತ್ತರ, ಎದೆಯಳತೆ, ಓಟ. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದಲ್ಲಿ ಸಿ ಗುಂಪಿನ ಶೇ 80, ಡಿ ಗುಂಪಿನ ಶೇ 85 ಹುದ್ದೆ ಇಲ್ಲಿನವರಿಗೇ. ಆದ್ದರಿಂದ ಲಿಂಗಸುಗೂರಿನ ಗುಡ್ಡದಲ್ಲಿ ನಾಲ್ಕು ಬೇಸಿಗೆ ಬೆಂಕಿ ಕಾದವನಿಗೆ ನಾಲ್ಕು ಅಂಕ ಕೊಟ್ಟರೆ ಆ ಅಂಕ ಈ ಭಾಗದಲ್ಲೇ ಉಳಿಯುತ್ತದೆ. ವಲಯ ಅರಣ್ಯಾಧಿಕಾರಿ ಹುದ್ದೆಗೆ ತಮ್ಮ ಪದವಿಯನ್ನೇ ಕನಿಷ್ಠ ಅರ್ಹತೆ ಮಾಡಿ ಎಂದು ಶಿರಸಿ, ಪೊನ್ನಂಪೇಟೆಯ ವಿದ್ಯಾರ್ಥಿಗಳು ತರಗತಿ ಬಿಟ್ಟು ಹೋರಾಡಿದ್ದಾರೆ. ಅವರ ವಾದದಲ್ಲಿ ಹುರುಳಿದೆ. ಕಲಿತದ್ದಕ್ಕೆ ಬೆಲೆ ಬೇಕು ಎಂಬ ಅದೇ ವಾದವನ್ನು ಒಂದು ಮೆಟ್ಟಿಲು ಕೆಳಗೆ, ಪುಸ್ತಕವಿಲ್ಲದೆ ಕಲಿತವರ ಪರವಾಗಿ ಎತ್ತುವ ಸಂಘಟನೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಜವಳಗೇರಾ ಫಾರಂಗೆ ಮರಳಿದರೆ, ಅಲ್ಲಿಯೂ ಇದೇ ಸೂತ್ರ ಹೊಂದುತ್ತದೆ. ಬೀಜ ನಿಗಮ ಕೃಷಿ ಪದವೀಧರರನ್ನು, ಡಿಪ್ಲೊಮಾದವರನ್ನು ತರಬೇತಿಯವರಾಗಿ ತೆಗೆದುಕೊಳ್ಳುತ್ತದೆ, ಅಖಿಲ ಭಾರತ ಮಟ್ಟದ ಪರೀಕ್ಷೆ ನಡೆಸಿ. ಫಾರಂನ ಪಕ್ಕದ ಓಣಿಯಿಂದ, ತೊಗರಿಯಲ್ಲಿ ಬೆರಕೆ ಗಿಡವನ್ನು ಹೂವಿನ ಬಣ್ಣದಲ್ಲೇ ಗುರುತಿಸಿ ಕೀಳುವ ಹೆಣ್ಣುಮಗಳು ಆ ಪರೀಕ್ಷೆ ಬರೆಯಲಾರಳು. ಆಕೆಯ ಮಗಳು ಬರೆಯಬಹುದು. ಸಿಂಧನೂರಿನಲ್ಲಿ ಪಿಯುಸಿ ಓದುತ್ತಿರುವ ಆ ಹುಡುಗಿಗೆ ಎರಡು ಹಂಗಾಮು ಫಾರಂನೊಳಗೆ ಕೂಲಿ ಸಮೇತ ಕಲಿಯುವ ಜಾಗ ಕೊಡಲು ಯಾವ ಹೊಸ ಕಾಯ್ದೆಯೂ ಬೇಕಿಲ್ಲ, 1961ರ ಅಪ್ರೆಂಟಿಸ್ ಕಾಯ್ದೆಯ ಚೌಕಟ್ಟು ಇದ್ದೇ ಇದೆ. ಯಾವ ಹಂಗಾಮಿಗೆ ಎಷ್ಟು ಜನ, ಯಾವ ಊರಿನವರು, ಎಷ್ಟು ಕೂಲಿ ಎಂಬ ಪಟ್ಟಿಯನ್ನು ಮುಂಗಾರಿಗೆ ಮೊದಲೇ ಪಂಚಾಯಿತಿ ಗೋಡೆಗೆ ಅಂಟಿಸುವುದರಿಂದ ಶುರು ಮಾಡಬಹುದು.